ಬೋರ್‌ವೆಲ್ ಬಸವೇಶ ಗೋಡೆ ಎಬ್ಬಿಸಿದ್ದು

ಕಡೂರಿನ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಬಸವೇಶ ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ವಿಷಯ ಗೊತ್ತಾಗುತ್ತಿತ್ತು. ಅವನೇನು ಜಗಳಗಂಟನಲ್ಲ. ಮದುವೆಗೆ ಮುಂಚಿನಿಂದಲೂ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡಿದವನು. ಕಂಪ್ರೆಸರ್ ಪಕ್ಕ ನಿಂತೂ ನಿಂತೂ ಕಿವಿ ಮಂದವಾಗಿತ್ತು. ತನಗೆ ಕೇಳಿಸದ್ದು ಎದುರಿನವರಿಗೂ ಕೇಳಿಸುವುದಿಲ್ಲ ಎಂದು ಅವನ ಗಂಟಲು ತಾನಾಗಿಯೇ ತೀರ್ಮಾನಿಸಿಬಿಟ್ಟಿತ್ತು.

ಲಾರಿ ಕರಿಯಣ್ಣನದು. ಆಂಧ್ರ, ಮಧ್ಯಪ್ರದೇಶ ಎಂದು ಹೊರಟ ಲಾರಿ ತಿಂಗಳುಗಟ್ಟಲೆ ಊರಿನ ಮುಖ ನೋಡುತ್ತಿರಲಿಲ್ಲ. ಬಸವೇಶ ಯುಗಾದಿಗೆ ಬಂದರೆ ಗೌರಿ ಹಬ್ಬಕ್ಕಿಲ್ಲ, ಗೌರಿ ಹಬ್ಬಕ್ಕೆ ಬಂದರೆ ದೀಪಾವಳಿಗಿಲ್ಲ. ನೆಲಕ್ಕೆ ಕೊರೆಯುವ ಕಡ್ಡಿ ಇಳಿಸುವುದು, ಪೈಪು ಜೋಡಿಸುವುದು, ಗಾಳಿಯ ಒತ್ತಡ ನೋಡಿಕೊಳ್ಳುವುದು ಅವನ ಕೆಲಸ. ನೀರು ಬಂದಾಗ ಜಮೀನಿನವರು ಅವನ ಹೆಗಲ ಮೇಲೆ ಕೈಹಾಕಿ ಕುಣಿಯುತ್ತಿದ್ದರು. ಬರೀ ಧೂಳು ಬಂದಾಗ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎರಡನ್ನೂ ಅವನು ಒಂದೇ ಬೀಡಿ ಸೇದುತ್ತಾ ಅರಗಿಸಿಕೊಳ್ಳುತ್ತಿದ್ದ.

ಹೋದ ವರ್ಷ ಶಿವಮೊಗ್ಗದ ಕಿವಿ ಡಾಕ್ಟರು, ಇನ್ನು ಆ ಸದ್ದಿನ ಹತ್ತಿರ ಹೋದರೆ ಇರುವಷ್ಟೂ ಉಳಿಯುವುದಿಲ್ಲ ಎಂದು ಕಡಾಖಂಡಿತವಾಗಿ ಹೇಳಿದರು. ಬಸವೇಶ ಕೆಲಸ ಬಿಟ್ಟ. ಕರಿಯಣ್ಣ ಸಿಟ್ಟಾದ.

"ಲೇ ಬಸ್ಯಾ, ನಿನ್ ಕೈಗೆ ಕೆಲ್ಸ ಕಲಿಸ್ದೋನು ನಾನು. ಕಿವಿ ನೆಪ ಹೇಳ್ಕೊಂಡು ಹೆಂಡ್ತಿ ಸೆರಗಿಡ್ಕೊಂಡು ಕೂತ್ಕೊ ಹೋಗು!"

ಬಸವೇಶನೂ ಸುಮ್ಮನಿರಲಿಲ್ಲ. ಇಬ್ಬರೂ ಲಾರಿ ಸ್ಟ್ಯಾಂಡಿನಲ್ಲಿ ಜನ ಸೇರುವಷ್ಟು ಕೂಗಾಡಿ ಮಾತು ಬಿಟ್ಟರು.

ಮನೆಯಲ್ಲಿ ಕೂತ ಗಂಡನನ್ನು ನೋಡಿ ಸಂಗೀತಾಗೆ ಮೊದಮೊದಲು ಹಿತವೆನಿಸಿತು. ಆಮೇಲೆ ತಲೆನೋವು ಶುರುವಾಯಿತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅಳತೆ ಕೊಡಲು ಹೆಂಗಸರು ಬಂದಾಗಲೆಲ್ಲ ಒಳಗಿನಿಂದ, "ಸಂಗೀತಾ, ಕಾಫಿ ಪುಡಿ ಎಲ್ಲಿಟ್ಟಿದೀಯೇ!" ಎಂಬ ಗರ್ಜನೆ ಬರುತ್ತಿತ್ತು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತೇನೆಂದು ಅವನು ಅದನ್ನು ಪೂರ್ತಿ ಬಿಚ್ಚಿಟ್ಟ ದಿನ ಅವಳು ದೇವರಿಗೆ ಕೈಮುಗಿದು, ಇವರಿಗೊಂದು ಕೆಲಸ ಕೊಡಪ್ಪಾ ಎಂದಳು.

ಕೆಲಸ ಬಂದದ್ದು ಬ್ಲೌಸಿನ ದೆಸೆಯಿಂದಲೇ. ಅಳತೆ ಕೊಡಲು ಬಂದಿದ್ದ ಹೆಂಗಸೊಬ್ಬಳು, "ನಿಮ್ಮೆಜಮಾನ್ರು ಬೋರ್‌ವೆಲ್‌ನಾಗೆ ಇದ್ರಲ್ವಾ? ನಮ್ಮಕ್ಕನ ಮಗ್ಳು ತರೀಕೆರೇಲಿ ಮಿಷನ್ನಿಂದ ಗೋಡೆ ಕಟ್ಟಿಸ್ತಾಳೆ. ಪಂಪು, ಪೈಪು ಗೊತ್ತಿರೋರು ಬೇಕಂತೆ ಕಣ್ರೀ," ಎಂದಳು.

"ಮಿಷನ್ನಲ್ಲಿ ಗೋಡೆ ಕೆಡವೋದು ನೋಡಿದೀನಿ," ಎಂದ ಬಸವೇಶ, ಸಂಗೀತಾ ಒಳಗೆ ಬಂದು ಅದನ್ನು ಕೂಗಿ ಹೇಳಿದ ಮೇಲೆ. "ಕಟ್ಟೋದು ಯಾವುದು?"

"ಹೋಗಿ ನೋಡ್ಕೊಂಡು ಬನ್ರೀ," ಎಂದಳು ಸಂಗೀತಾ. ಆ ಮಾತಿನಲ್ಲಿ ಬೇಡಿಕೆ ಕಡಿಮೆ, ಆಜ್ಞೆ ಹೆಚ್ಚಿತ್ತು.

ಹೊಲಿಸಲು ಬಂದವಳ ಅಕ್ಕನ ಮಗಳ ಹೆಸರು ಅಶ್ವಿನಿ. ಸಿವಿಲ್ ಎಂಜಿನಿಯರಿಂಗ್ ಓದಿ, ಇಬ್ಬರು ಸ್ನೇಹಿತೆಯರ ಜೊತೆ ಸಣ್ಣ ಕಂಪನಿ ತೆರೆದಿದ್ದಳು. ತರೀಕೆರೆಯ ಹೊರಗೆ ಹಳೆಯ ಮರದ ಮಂಡಿಯ ಜಾಗದಲ್ಲಿ ಅವರ ಶೆಡ್ಡು. ಬಸವೇಶ ಗೇಟಿನಲ್ಲಿ ನಿಂತು, "ಮೇಡಂ, ನಂಗೇನ್ ಕೆಲ್ಸ ಹೇಳಿ!" ಎಂದ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಯಾಕಣ್ಣಾ, ಬಂದ ತಕ್ಷಣ ಬೈತಿದೀರ?"

"ಬೈತಿಲ್ಲ ಮೇಡಂ, ಮಾತಾಡ್ತಿದೀನಿ!"

ವಿಷಯ ತಿಳಿದ ಮೇಲೆ ಅಶ್ವಿನಿ ನಕ್ಕುಬಿಟ್ಟಳು. ಮಾರನೆಯ ದಿನ ಅವನ ಕಿವಿಗೆ ಹಾಕಲು ದಪ್ಪನೆಯ ಮುಚ್ಚಳ ತಂದುಕೊಟ್ಟಳು. ಯಂತ್ರ ಓಡುವಾಗ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಬೇಕೆಂದು ಗೊತ್ತುಮಾಡಿದಳು. ಮುಷ್ಟಿ ಹಿಡಿದರೆ ನಿಲ್ಲಿಸು, ಅಂಗೈ ಮೇಲೆತ್ತಿದರೆ ಒತ್ತಡ ಹೆಚ್ಚಿಸು, ಕೆಳಗೆ ಮಾಡಿದರೆ ತಗ್ಗಿಸು. ಬಸವೇಶನಿಗೆ ಇದು ಹಿಡಿಸಿತು. ಬೋರ್‌ವೆಲ್ ಲಾರಿಯಲ್ಲಿ ಯಾರೂ ಇಷ್ಟು ಮರ್ಯಾದೆಯಾಗಿ ಸನ್ನೆ ಮಾಡಿದವರಿರಲಿಲ್ಲ.

ಯಂತ್ರವೆಂದರೆ ನಾಲ್ಕು ಕಬ್ಬಿಣದ ಕಂಬ, ಕಂಬಗಳ ಮೇಲೆ ಹಳಿ, ಹಳಿಯ ಮೇಲೆ ಅತ್ತಿತ್ತ ಓಡುವ ಒಂದು ತೊಲೆ, ತೊಲೆಯಿಂದ ಕೆಳಕ್ಕೆ ಇಳಿಬಿದ್ದ ಮೂತಿ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯ ಗೆರೆಯ ಮೇಲೆ ಆ ಮೂತಿ ಹೋಗುತ್ತಿತ್ತು. ಪಂಪಿನಿಂದ ಪೈಪಿನಲ್ಲಿ ಬಂದ ಕಾಂಕ್ರೀಟು ಮೂತಿಯಿಂದ ದಪ್ಪ ಹಗ್ಗದಂತೆ ಇಳಿದು ಒಂದು ಪದರ ಕೂರುತ್ತಿತ್ತು. ಸುತ್ತು ಮುಗಿಸಿ ಬಂದು ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹಲಗೆ ಬಡಿಯುವುದಿಲ್ಲ, ಇಟ್ಟಿಗೆ ಹೊರುವುದಿಲ್ಲ. ಗೋಡೆ ತಾನೇ ಮೇಲೇಳುತ್ತಿತ್ತು.

"ಕಬ್ಬಿಣ ಎಲ್ಲಿ ಮೇಡಂ?" ಎಂದು ಕೇಳಿದ ಬಸವೇಶ.

"ಮೂಲೆಗಳಲ್ಲಿ ಗೋಡೆ ಮಧ್ಯೆ ಟೊಳ್ಳು ಬಿಟ್ಟು ಸರಳು ನಿಲ್ಲಿಸ್ತೀವಿ. ಆದ್ರೆ ಮೂತಿ ಓಡಾಡ್ತಿರೋವಾಗ ಪದರ ಪದರಕ್ಕೂ ಕಂಬಿ ಕಟ್ಟೋಕಾಗಲ್ವಲ್ಲ. ಅಲ್ಲಿಗೆ ಇದು." ಅವಳು ಒಂದು ಚೀಲದಿಂದ ಹಿಡಿ ತೆಗೆದು ಅವನ ಅಂಗೈಗೆ ಹಾಕಿದಳು. ಬೆರಳ ಗೆಣ್ಣಿಗಿಂತ ಚಿಕ್ಕದಾದ, ಬೆಳ್ಳಗಿನ, ಕೂದಲೆಳೆಯಂಥ ಪ್ಲಾಸ್ಟಿಕ್ ನಾರು. "ಕಾಂಕ್ರೀಟು ಎಷ್ಟು ಭಾರ ಹೇರಿದ್ರೂ ತಡ್ಕೊಳ್ಳುತ್ತೆ. ಎಳೆದ್ರೆ, ಬಗ್ಗಿಸಿದ್ರೆ ಫಟ್ ಅಂತ ಬಿಡುತ್ತೆ. ಬಿಟ್ಟ ಕಡೆ ಈ ಎಳೆಗಳು ಎರಡೂ ಪಕ್ಕ ಕಚ್ಚಿ ಹಿಡ್ಕೊಂಡಿರ್ತವೆ. ಬಿರುಕು ಬೆಳೆಯೋಕೆ ಬಿಡಲ್ಲ."

ಇಷ್ಟು ಹಗುರವಾದದ್ದು ಅಷ್ಟು ಭಾರದ್ದನ್ನು ಹಿಡಿಯುತ್ತದೆ ಎಂದರೆ ಬಸವೇಶನಿಗೆ ನಂಬಿಕೆ ಬರಲಿಲ್ಲ. ಆದರೂ ತಲೆಯಾಡಿಸಿದ. ಆ ದಿನವೇ ಚೀಲಕ್ಕೆ ಚೀಲ ಎತ್ತಿ ಕಲಸುವ ಡ್ರಮ್ಮಿಗೆ ಸುರಿದ. ನಾರೆಲ್ಲ ಗಂಟುಕಟ್ಟಿ, ಕೆಟ್ಟು ಹೋದ ಮುದ್ದೆಯ ಹಾಗೆ ಉಂಡೆಯುಂಡೆಯಾಗಿ ಬಂದು ಮೂತಿಗೆ ಸಿಕ್ಕಿಕೊಂಡಿತು. ಸಂಜೆಯವರೆಗೂ ಇಬ್ಬರೂ ಮೂತಿ ಬಿಚ್ಚಿ ತಂತಿಯಿಂದ ಕೆರೆಯಬೇಕಾಯಿತು.

"ಅಕ್ಷತೆ ಹಾಕೋ ಹಾಗೆ ಹಾಕಿ ಅಣ್ಣಾ," ಎಂದಳು ಅಶ್ವಿನಿ, ಮೂಗಿನ ಮೇಲಿನ ಸಿಮೆಂಟು ಒರೆಸಿಕೊಳ್ಳುತ್ತಾ. "ಮೂಟೆ ಇಳಿಸೋ ಹಾಗಲ್ಲ."

ಪಳಗಿದ ಮೇಲೆ ಬಸವೇಶ ಪಂಪಿನ ಹತ್ತಿರದಿಂದ ಕದಲುತ್ತಿರಲಿಲ್ಲ. ಪೈಪಿನ ಮೇಲೆ ಅಂಗೈ ಇಟ್ಟರೆ ಒಳಗೆ ಮಾಲು, ಅಂದರೆ ಕಲಸಿದ ಕಾಂಕ್ರೀಟು, ಹೇಗೆ ಹೋಗುತ್ತಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಒತ್ತಡ ಅಳೆಯುವ ಮುಳ್ಳು ಏನು ಹೇಳುತ್ತದೆ ಎಂಬುದನ್ನು ಅಶ್ವಿನಿ ಕಲಿಸಿದಳು. ಕೈಗೂ ಮುಳ್ಳಿಗೂ ಒಂದೇ ಉತ್ತರ ಬಂದ ದಿನ ಅವನಿಗೆ ಮನೆಗೆ ಹೋಗುವ ದಾರಿಯುದ್ದಕ್ಕೂ ಸಿಳ್ಳೆ.

ಶೆಡ್ಡಿನ ಹೊರಗಿನ ಮೊದಲ ದೊಡ್ಡ ಕೆಲಸ ಪಂಚನಹಳ್ಳಿಯಲ್ಲಿ ಸಿಕ್ಕಿತು. ಅಲ್ಲಿನ ಹೆಂಗಸರ ಹಾಲಿನ ಸಂಘಕ್ಕೆ ಸ್ವಂತ ಡೇರಿ ಕಟ್ಟಡ ಬೇಕಾಗಿತ್ತು. ಸಂಘದ ಅಧ್ಯಕ್ಷೆ ತೀರ್ಥಮ್ಮ. ವಯಸ್ಸಾದರೂ ಕಡ್ಡಿ ಮುರಿದಂಥ ಮಾತು, ಹಣೆಯಲ್ಲಿ ಎದ್ದು ಕಾಣುವ ವಿಭೂತಿ. ಯಂತ್ರ ಇಳಿಸುವಾಗ ಸೊಂಟಕ್ಕೆ ಕೈಕೊಟ್ಟು ಎಲ್ಲ ನೋಡಿದಳು. ನಾರಿನ ಚೀಲಕ್ಕೆ ಕೈಹಾಕಿ ಎಳೆಗಳನ್ನು ಉಜ್ಜಿದಳು.

"ಏನಪ್ಪಾ ಇದು, ಮುದುಕಿ ತಲೆಕೂದ್ಲು ಇದ್ದಂಗೈತೆ. ಇದ್ನ ಹಾಕಿದ್ರೆ ಗೋಡೆ ನಿಂತ್ಕತದಾ?"

"ನಿಂತ್ಕತದಮ್ಮಾ!" ಎಂದ ಬಸವೇಶ.

"ಕೂಗಾಡ್ಬ್ಯಾಡ, ನಂಗೆ ಕಿವಿ ಚೆನ್ನಾಗವೆ. ನಮ್ಮತ್ತೆ ಮಣ್ಣಿನ ಗೋಡೆಗೆ ಹುಲ್ಲು ತುಳಿಸೋರು. ಅದು ಸರಿ. ಇದು ನೋಡ್ಬೇಕು."

ನೋಡಲು ಊರೇ ಬಂದಿತ್ತು. ಬೆಳಗಿನ ಬಸ್ಸು ಹತ್ತಬೇಕಾದವರು ಬಸ್ಸು ಬಿಟ್ಟರು. ಯಂತ್ರಕ್ಕೆ ಶಾವಿಗೆ ಒರಳು ಎಂಬ ಹೆಸರು ಮಧ್ಯಾಹ್ನದೊಳಗೆ ಬಿದ್ದಾಯಿತು. ಗೋಡೆ ಮೊಣಕಾಲೆತ್ತರ ಬರುವ ತನಕ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಬಿಸಿಲು ಏರಿತು, ಬಯಲಿನ ಗಾಳಿ ಬೀಸಿತು, ಮಾಲು ಬಿಗಿಯಾಯಿತು. ಪೈಪಿನೊಳಗೆ ಅದು ಎಳೆದಾಡುವುದು ಬಸವೇಶನ ಅಂಗೈಗೆ ತಿಳಿಯಿತು. ಅಶ್ವಿನಿ ಆಚೆ ಕಂಪ್ಯೂಟರಿನ ಮುಂದೆ ಇದ್ದಳು. ಹಳೆಯ ರೂಢಿಯಂತೆ ಅವನು ಪಕ್ಕದ ಬಕೆಟ್ಟಿನಿಂದ ಪಂಪಿನ ಬಾಯಿಗೆ ಒಂದಿಷ್ಟು ನೀರು ಸುರಿದ. ಮಾಲು ಸಲೀಸಾಗಿ ಹೋಯಿತು. ಸಲೀಸಾಗಿ ಹೋಗಿ, ಮೂತಿಯಿಂದ ಇಳಿದು, ಕೂತ ಜಾಗದಲ್ಲಿ ಅಂಬಲಿಯಂತೆ ಹರಡಿಕೊಂಡಿತು. ಅದರ ಮೇಲೆ ಎರಡು ಪದರ ಬಿದ್ದದ್ದೇ ತಡ, ಆ ಬದಿಯ ಗೋಡೆ ಹೊಟ್ಟೆ ಮುಂದೆ ಮಾಡಿ, ಓಲಾಡಿ, ನೆಲಕ್ಕೆ ಕೂತುಬಿಟ್ಟಿತು.

ಸೇರಿದ್ದ ಜನ ಓ ಎಂದು ನಕ್ಕರು. ಅಶ್ವಿನಿ ಮುಷ್ಟಿ ಹಿಡಿದಳು. ಯಂತ್ರ ನಿಂತಿತು.

"ಯಾರು ನೀರು ಹಾಕಿದ್ದು?"

"ನಾನೇ ಮೇಡಂ." ಬಸವೇಶನ ದನಿ ಆವತ್ತು ಮೊದಲ ಸಲ ಸಣ್ಣಗಿತ್ತು.

ಅವಳು ಅವನನ್ನು ಯಂತ್ರ ತಂದಿದ್ದ ಲಾರಿಯ ಮರೆಗೆ ಕರೆದುಕೊಂಡು ಹೋಗಿ, "ಅಣ್ಣಾ, ಪೈಪಿನಲ್ಲಿ ಹೋಗೋಷ್ಟು ಮೆದು ಇರ್ಬೇಕು, ಇಳಿದ ಮೇಲೆ ತನ್ನ ಮೇಲಿನ ಪದರ ಹೊರೋಷ್ಟು ಗಟ್ಟಿ ಇರ್ಬೇಕು. ನೀರು ಹಾಕಿದ್ರೆ ಮೊದಲನೇದು ಸಿಗುತ್ತೆ, ಎರಡನೇದು ಹೋಗುತ್ತೆ. ಬಿಗಿ ಆದ್ರೆ ನನ್ನ ಕರೀರಿ. ಅದಕ್ಕೆ ಬೇರೆ ಔಷಧಿ ಇದೆ," ಎಂದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿತ್ತು.

ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ. ತೆಂಗಿನ ಮರದ ಬುಡದಲ್ಲಿ ಕೂತು, ನಾಳೆಯಿಂದ ಬರದೇ ಇದ್ದರೆ ಆಯಿತು ಎಂದುಕೊಳ್ಳುತ್ತಿದ್ದ. ತೀರ್ಥಮ್ಮ ತಟ್ಟೆ ತಂದು ಮುಂದಿಟ್ಟಳು. ರಾಗಿಮುದ್ದೆ, ಅವರೆಕಾಳು ಸಾರು.

"ಉಣ್ಣಪ್ಪಾ. ನಾನು ಮೊದಲ್ನೇ ಸಲ ಡೇರಿ ಕ್ಯಾನು ಎತ್ತಿ ಹಾಲೆಲ್ಲ ರಸ್ತೆಗೆ ಚೆಲ್ಲಿದ್ದೆ. ಊರೆಲ್ಲ ನಗಾಡ್ತು. ಅವ್ರೇ ಆಮ್ಯಾಕೆ ನನ್ನ ಅಧ್ಯಕ್ಷೆ ಮಾಡಿದ್ದು. ಚೆಲ್ಲಿದ್ದು ಬಾಚಿ, ತಿರ್ಗಾ ಕಟ್ಟು."

ಬಸವೇಶ ಉಂಡ. ಉಂಡವನೇ ಗುದ್ದಲಿ ಹಿಡಿದು ಕುಸಿದ ಗೋಡೆಯನ್ನು ತಾನೊಬ್ಬನೇ ಬಾಚಿ ಹೊರಗೆ ಹಾಕಿದ.

ಮರುದಿನದಿಂದ ಬಿಸಿಲೇರುವ ಮುಂಚೆ ಕೆಲಸ ಶುರುವಾಗತೊಡಗಿತು. ನೀರಿನ ಬಕೆಟ್ಟನ್ನು ಬಸವೇಶ ತಾನಾಗಿಯೇ ದೂರ ಇಟ್ಟ. ದುಂಡು ಮೂಲೆಯ ಗೋಡೆ ಸೊಂಟದೆತ್ತರ ಬಂತು, ಎದೆಯೆತ್ತರ ಬಂತು. ಮೊದಲು ನಕ್ಕವರು ಈಗ ನೆಂಟರನ್ನು ಕರೆದುಕೊಂಡು ಬಂದು ತೋರಿಸುತ್ತಿದ್ದರು.

ಗೋಡೆ ಇನ್ನೇನು ಕಿಟಕಿ ದಾಟಬೇಕು, ಆಗ ಕರೆಂಟು ಹೋಯಿತು. ಹೋಗುತ್ತದೆಂದು ಗೊತ್ತಿದ್ದೇ ಜನರೇಟರ್ ತಂದಿದ್ದರು. ಜನರೇಟರ್ ಕೆಮ್ಮಿತು, ಹೊಗೆ ಬಿಟ್ಟಿತು, ಸುಮ್ಮನಾಯಿತು. ಎಷ್ಟು ಎಳೆದರೂ ಅದಕ್ಕೆ ಜೀವ ಬರಲಿಲ್ಲ. ಪಂಪಿನಿಂದ ಮೂತಿಯವರೆಗೆ ಪೈಪಿನ ತುಂಬ ಮಾಲು. ಬಿಸಿಲಿಗೆ ಅದು ಒಳಗೇ ಕಲ್ಲಾದರೆ ಪೈಪೂ ಹೋಯಿತು, ಪಂಪೂ ಹೋಯಿತು. ಬೇರೆ ತರಿಸುವ ಶಕ್ತಿ ಆ ಸಣ್ಣ ಕಂಪನಿಗಿರಲಿಲ್ಲ.

ಅಶ್ವಿನಿ ಪೈಪಿನುದ್ದಕ್ಕೂ ತಟ್ಟಿ ನೋಡಿದಳು. "ಒಳಗೆ ಸ್ಪಂಜಿನ ಚೆಂಡು ಹಾಕಿ ಗಾಳಿಯಲ್ಲಿ ತಳ್ಳಿದ್ರೆ ಪೂರ್ತಿ ಖಾಲಿ ಆಗುತ್ತೆ. ಆದ್ರೆ ಕಂಪ್ರೆಸರ್ ಎಲ್ಲಿದೆ? ಕಡೂರಿಂದ ತರೋದ್ರೊಳಗೆ ಮುಗೀತು."

ಬಸವೇಶ ಕಿವಿಯ ಮುಚ್ಚಳ ತೆಗೆದ. ದೂರದ ತೋಟದ ಕಡೆಯಿಂದ, ಮಂದ ಕಿವಿಗೂ ತಪ್ಪದ ಒಂದು ಸದ್ದು ಬೆಳಗಿನಿಂದ ಬರುತ್ತಲೇ ಇತ್ತು. ಅದು ಯಾರ ಲಾರಿಯೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿಯೂ ಆ ಕಡೆ ತಲೆಹಾಕಿರಲಿಲ್ಲ.

"ಬತ್ತೀನಿ ಮೇಡಂ!" ಎಂದವನೇ ಯಾರದೋ ಬೈಕು ಹತ್ತಿ ಓಡಿದ.

ತೋಟದಲ್ಲಿ ಕರಿಯಣ್ಣ ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದ. ಆಗಷ್ಟೇ ನೀರು ಸಿಕ್ಕಿತ್ತು, ಕಡ್ಡಿಗಳನ್ನು ಮೇಲೆತ್ತುತ್ತಿದ್ದರು. ಬಸವೇಶ ಹೋಗಿ ಎದುರು ನಿಂತ.

"ಅಣ್ಣಾ, ಕಂಪ್ರೆಸರ್ ಬೇಕು."

ಕರಿಯಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾಕ್ಲಾ? ನಿನ್ ಹೊಸ ಮಿಷನ್‌ಗೆ ಉಸಿರು ನಿಂತೋಯ್ತಾ?"

"ನಿಂತೋಯ್ತು. ನೀನ್ ಬಂದ್ರೆ ಬದುಕ್ತದೆ."

"ಅವತ್ತು ಸ್ಟ್ಯಾಂಡಲ್ಲಿ ನನ್ನ ಏನಂದೆ, ಗ್ಯಾಪ್ಕ ಐತಾ?"

"ಐತೆ. ಸಂಜೆ ಬೇಕಾದ್ರೆ ಬಯ್ಯಿ, ನಿಂತ್ಕೊಂಡು ಕೇಳ್ತೀನಿ. ಈಗ ಬಾರಣ್ಣಾ, ಒಳಗೆ ಗಟ್ಟಿ ಆಯ್ತೈತೆ."

ಕರಿಯಣ್ಣ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, "ಲೇ, ಕಂಪ್ರೆಸರ್ ಗಾಡಿ ತಿರುಗಿಸ್ರೋ!" ಎಂದು ಹುಡುಗರ ಮೇಲೆ ಕೂಗಿದ. ಬಸವೇಶನ ಗಂಟಲು ಯಾರಿಂದ ಕಲಿತದ್ದೆಂದು ಆಗ ಯಾರಿಗಾದರೂ ತಿಳಿಯುವಂತಿತ್ತು.

ಲಾರಿ ಬಂದಾಗ ಅಶ್ವಿನಿ ಪೈಪನ್ನು ಮೂತಿಯಿಂದ ಬಿಚ್ಚಿ, ಅದರ ಬಾಯಿಗೆ ಕಬ್ಬಿಣದ ಬುಟ್ಟಿ ಕಟ್ಟಿ, ಜನರನ್ನೆಲ್ಲ ರಸ್ತೆಯಾಚೆಗೆ ಅಟ್ಟಿದ್ದಳು. "ಇದ್ರ ಗಾಳಿ ಜೋರು. ಸಣ್ಣಗೆ ಬಿಡ್ಬೇಕು ಅಣ್ಣಾ, ತುಂಬಾ ಸಣ್ಣಗೆ."

ಬಸವೇಶ ವಾಲ್ವಿನ ಹತ್ತಿರ ಕೂತ. ಕಲ್ಲುಬಂಡೆ ಪುಡಿ ಮಾಡುವ ಗಾಳಿಯನ್ನು ಅವನು ಅವತ್ತು ಮಗುವಿನ ಬಾಯಿಗೆ ಒಳಲೆಯಲ್ಲಿ ಹಾಲು ಬಿಟ್ಟಷ್ಟು ಹುಷಾರಾಗಿ ಬಿಟ್ಟ. ಅಶ್ವಿನಿಯ ಅಂಗೈ ಕೆಳಗಾದರೆ ತಗ್ಗಿಸಿದ, ಮೇಲಾದರೆ ಕೂದಲೆಳೆಯಷ್ಟು ಹೆಚ್ಚಿಸಿದ. ಪೈಪು ಒಮ್ಮೆ ಹಾವಿನಂತೆ ಅಲುಗಿತು. ಮಾಲು ಗುಳುಗುಳು ಎಂದು ಬುಟ್ಟಿಗೆ ಬೀಳತೊಡಗಿತು. ಬಿದ್ದಿತು, ಬಿದ್ದಿತು, ಕೊನೆಗೆ ಸ್ಪಂಜಿನ ಚೆಂಡು ಪುಸಕ್ಕೆಂದು ಹೊರಬಂದು, ತನ್ನ ಮುಂದೆ ಉಳಿದಿದ್ದ ಕೊನೆಯ ಮಾಲನ್ನು ಬುಟ್ಟಿಯ ಸಂದಿಯಿಂದ, ಹತ್ತಿರ ಬಂದು ಇಣುಕುತ್ತಿದ್ದ ಕರಿಯಣ್ಣನ ಬಿಳಿ ಪಂಚೆಯ ಮೇಲೆ ಚಿಮುಕಿಸಿತು. ರಸ್ತೆಯಾಚೆ ನಿಂತವರ ನಗು ಈ ಸಲ ಬಸವೇಶನಿಗೆ ಹಿತವಾಗಿ ಕೇಳಿಸಿತು. ಅಶ್ವಿನಿ ಹೆಲ್ಮೆಟ್ ತೆಗೆದು ನೆಲದ ಮೇಲೇ ಕೂತುಬಿಟ್ಟಳು.

"ಪಂಚೆ ಹಾಳ್ಮಾಡಿದ್ರೀ," ಎಂದ ಕರಿಯಣ್ಣ. ಸಿಟ್ಟಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ತೀರ್ಥಮ್ಮ ಕೊಟ್ಟ ಮಜ್ಜಿಗೆ ಕುಡಿದು ಲಾರಿ ಹಿಂದಕ್ಕೆ ತೆಗೆಯುವಾಗ, ಎಲ್ಲರೂ ಬಲಕ್ಕೆ ಎಂದರೆ ಡ್ರೈವರು ಎಡಕ್ಕೆ ತಿರುಗಿಸಿದ. ಲಾರಿಯ ಬೆನ್ನು ಹಿಂದಿನ ಗೋಡೆಯ, ಮೊದಲ ವಾರವೇ ಎದ್ದು ಗಟ್ಟಿಯಾಗಿದ್ದ ಕೆಳಭಾಗಕ್ಕೆ ಧಡ್ ಎಂದು ತಗುಲಿತು. ಗೋಡೆ ನಡುಗಿತು. ಆದರೆ ಬೀಳಲಿಲ್ಲ.

ತೀರ್ಥಮ್ಮ ಎಲ್ಲರಿಗಿಂತ ಮೊದಲು ಓಡಿ ನೋಡಿದಳು. ಬಿದ್ದ ಪೆಟ್ಟಿಗೆ ಓರೆಯಾಗಿ ಒಂದು ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಆ ಬೆಳ್ಳಗಿನ ಎಳೆಗಳು ಆ ಕಡೆಯಿಂದ ಈ ಕಡೆಗೆ ಹೊಲಿಗೆ ಹಾಕಿದಂತೆ ನಿಂತಿದ್ದವು. ಅವಳು ಒಂದನ್ನು ಉಗುರಿನಿಂದ ಕಿತ್ತು ನೋಡಿದಳು. ಅದು ಬರಲಿಲ್ಲ.

"ಮುದುಕಿ ಕೂದ್ಲು ಗಟ್ಟಿ ಕಣಮ್ಮಾ ಅಶ್ವಿನಿ," ಎಂದಳು.

ಅಶ್ವಿನಿ ಬಿರುಕಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. "ಹಿಡ್ಕೊಂಡಿದೆ ಅಂತ ಹಾಗೇ ಬಿಡೋಕಾಗಲ್ಲ. ಈ ಭಾಗ ಕತ್ತರಿಸಿ ಹೊಸದಾಗಿ ತುಂಬ್ತೀವಿ." ಕರೆಂಟು ಹೋದಾಗ ಅರ್ಧಕ್ಕೆ ನಿಂತಿದ್ದ ಪದರದ ಮೇಲೂ ಅವಳು ನೇರವಾಗಿ ಮುಂದುವರಿಸಲಿಲ್ಲ. ಒಣಗಿದ್ದರ ಮೇಲೆ ಹಸಿಯದು ಅಂಟುವುದಿಲ್ಲವೆಂದು, ತಂತಿ ಬ್ರಷ್ಷಿನಿಂದ ಉಜ್ಜಿಸಿ, ಅಂಟು ಕಲಸಿದ ಸಿಮೆಂಟು ಬಳಿಸಿ, ಆಮೇಲೆ ಮೂತಿ ಓಡಿಸಿದಳು. ಗೋಡೆಯ ಸುತ್ತ ಅಲ್ಲೊಂದು ಕಪ್ಪು ಗೆರೆ ಉಳಿಯಿತು. ಬಣ್ಣ ಬಳಿದು ಮುಚ್ಚಲೇ ಎಂದು ಕೇಳಿದಾಗ ಸಂಘದ ಹೆಂಗಸರೆಲ್ಲ ಬೇಡ ಎಂದರು. ಸೀರೆಗೆ ಅಂಚು ಇದ್ದ ಹಾಗಿದೆ, ಇರಲಿ ಎಂಬುದು ಅವರ ತೀರ್ಪು.

ಕರೆಂಟು ಹೋದ ಆ ದಿನ ಸಂಜೆ ಬಸವೇಶ ಮಾತಿಗೆ ತಪ್ಪಲಿಲ್ಲ. ಕರಿಯಣ್ಣನ ಎದುರು ನಿಂತು, "ಬಯ್ಯಣ್ಣಾ," ಎಂದ. ಕರಿಯಣ್ಣ ಬಯ್ಯಲು ಬಾಯಿ ತೆರೆದವನು, "ಕಿವಿ ಹೆಂಗೈತೋ?" ಎಂದು ಕೇಳಿದ. ಇಬ್ಬರೂ ಟೀ ಅಂಗಡಿಯಲ್ಲಿ ಕೂತು, ಊರಿಗೆಲ್ಲ ಕೇಳಿಸುವಂತೆ ಬಹಳ ಹೊತ್ತು ಗುಟ್ಟು ಮಾತಾಡಿದರು.

ಚಾವಣಿ ಹಾಕಿದವರು ಊರಿನ ಗಾರೆ ಮೇಸ್ತ್ರಿಗಳೇ. ಡೇರಿ ತೆರೆಯುವ ಬೆಳಿಗ್ಗೆ ಬಸವೇಶ ಸಂಗೀತಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಬೋರ್‌ವೆಲ್ ಕೆಲಸದಲ್ಲಿ ಇದ್ದಷ್ಟು ವರ್ಷವೂ ಅವಳು ಅವನ ಕೆಲಸ ನೋಡಿರಲಿಲ್ಲ. ನೋಡಲು ಏನಿತ್ತು, ನೆಲದೊಳಗಿನ ತೂತು! ಈಗ ಅವಳು ಗೋಡೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ದುಂಡು ಮೂಲೆಯಲ್ಲಿ ಕೈಯಾಡಿಸಿದಳು. ಬಸವೇಶ ಹಿಂದೆಯೇ ನಡೆಯುತ್ತಾ, ಅವಳ ಬಾಯಿಂದ ಏನು ಬರುತ್ತದೋ ಎಂದು ಕಾದ.

ಅವಳು ಎರಡು ಪದರಗಳ ನಡುವಿನ ಸಂದಿನಲ್ಲಿ ಬೆರಳಿಟ್ಟು ಎಳೆದು, ಬೆರಳನ್ನು ಎತ್ತಿ ನೋಡಿದಳು.

"ಎಲ್ಲಾ ಚೆನ್ನಾಗೈತೆ ಕಣ್ರೀ. ಈ ಸಂದಿನಾಗೆ ಧೂಳು ಕೂತ್ರೆ ಒರ್ಸೋರು ಯಾರು?"

ಬಸವೇಶ ಬಾಯಿ ತೆರೆಯುವ ಮೊದಲೇ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ತೀರ್ಥಮ್ಮ, "ಕಟ್ಟಿದೋನೇ ಒರಸ್ಲಿ ಬಿಡವ್ವಾ. ಬಾ, ಮೊದ್ಲು ಉಪ್ಪಿಟ್ಟು ತಿನ್ನು," ಎಂದು ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಹೆಂಗಸರು ಕ್ಯಾನುಗಳನ್ನು ಸಾಲಾಗಿ ಇಡುತ್ತಿದ್ದರು. ಆ ಕಡೆ ಅಶ್ವಿನಿ ಫೋನಿನಲ್ಲಿ ಅಜ್ಜಂಪುರದ ಯಾರ ಜೊತೆಗೋ ಅಂಗನವಾಡಿ ಕಟ್ಟಡದ ಮಾತಾಡುತ್ತಾ, ಬಸವೇಶನ ಕಡೆ ತಿರುಗಿ, ಒತ್ತಡ ಹೆಚ್ಚಿಸು ಎನ್ನುವಾಗಿನ ಹಾಗೆ ಅಂಗೈ ಮೇಲೆತ್ತಿ ತೋರಿಸಿದಳು.